ಬಿಎಸ್‌-ಎಂಡಿ ಸೀಟು ಸಿಗುವ ಛಾನ್ಸ್ ಎಷ್ಟು? ಅರ್ಜಿಗೆ ಮೊದಲು ಮನೆಯಲ್ಲೇ ಹಾಕಬಹುದಾದ ಲೆಕ್ಕ

ಕರ್ನಾಟಕದಲ್ಲಿ ಪಿಯುಸಿ ಮುಗಿಸಿದವರು ನೀಟ್ ಬರೆಯುತ್ತಾರೆ, ರ‍್ಯಾಂಕ್ ಬಂದರೆ ನೇರ ಎಂಬಿಬಿಎಸ್‌ಗೆ ಸೇರುತ್ತಾರೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಹಾಗಿಲ್ಲ. ಹೈಸ್ಕೂಲ್ ಆದ ಮೇಲೆ ನಾಲ್ಕು ವರ್ಷದ ಡಿಗ್ರಿ, ನಡುವೆ ಎಂಕ್ಯಾಟ್ ಎಂಬ ಮೆಡಿಕಲ್ ಪ್ರವೇಶ ಪರೀಕ್ಷೆ, ಮತ್ತೆ ಹೊಸದಾಗಿ ಅರ್ಜಿ, ಸಂದರ್ಶನ. ಸೀಟು ಸಿಕ್ಕಿದರೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್. ಅದರ ಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತಜ್ಞ ತರಬೇತಿ. ಊರಿಂದ ಫೋನ್ ಮಾಡುವ ದೊಡ್ಡಪ್ಪನಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕಾಗಿ ಹೋಗುತ್ತದೆ.

ಈ ಉದ್ದದ ದಾರಿಗೆ ಒಂದು ಒಳದಾರಿ ಇದೆ. ಅದೇ ಬಿಎಸ್‌-ಎಂಡಿ, ಕೆಲವು ಕಡೆ ಬಿಎ-ಎಂಡಿ. ಹೈಸ್ಕೂಲ್ ಕೊನೆಯ ವರ್ಷದಲ್ಲೇ ಡಿಗ್ರಿ ಕಾಲೇಜು ಮತ್ತು ಮೆಡಿಕಲ್ ಸ್ಕೂಲ್ ಎರಡಕ್ಕೂ ಒಟ್ಟಿಗೆ ಪ್ರವೇಶ ಕೊಡುತ್ತಾರೆ. ಹೆಚ್ಚಿನವು ಎಂಟು ವರ್ಷದವು, ಕೆಲವು ಏಳು. ಕ್ಯಾನ್ಸಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯದ್ದಂತೂ 1971ರಿಂದ ಆರೇ ವರ್ಷಕ್ಕೆ ಮುಗಿಸುತ್ತಾ ಬಂದಿದೆ. ಮಗ ಹದಿನೇಳಕ್ಕೇ ಸೆಟಲ್ ಆದ ಅಂತ ನಿಟ್ಟುಸಿರು ಬಿಡಬಹುದಲ್ಲ, ಅದಕ್ಕೇ ಅಮೆರಿಕದಲ್ಲಿರುವ ನಮ್ಮವರಿಗೆ ಇದರ ಮೇಲೆ ಅಷ್ಟು ಆಸೆ.

ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ಬರುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ಜಿಪಿಎ 4.0, ಎಸ್‌ಎಟಿ 1550, ಛಾನ್ಸ್ ಎಷ್ಟಿದೆ?’ ಜಿಪಿಎ ಅಂದರೆ ಶಾಲೆಯ ಸರಾಸರಿ ಅಂಕ, ಎಸ್‌ಎಟಿ ಅಂದರೆ ಕಾಲೇಜು ಪ್ರವೇಶ ಪರೀಕ್ಷೆ. ಈ ಎರಡು ಅಂಕಿಯಿಂದ ಯಾರೂ ಉತ್ತರ ಹೇಳಲಾರರು. ಅರ್ಜಿ ಹಾಕುವವರಲ್ಲಿ ಬಹುಪಾಲು ಮಕ್ಕಳ ಅಂಕಿಯೂ ಹಾಗೇ ಇರುತ್ತದೆ. ಛಾನ್ಸ್ ಏರುವುದೂ ಇಳಿಯುವುದೂ ಬಹುಮಟ್ಟಿಗೆ ನೀವು ಯಾವ ಕಾಲೇಜುಗಳನ್ನು ಪಟ್ಟಿಗೆ ಹಾಕುತ್ತೀರಿ ಎಂಬುದರ ಮೇಲೆ. ಆದ್ದರಿಂದ ಪಟ್ಟಿಯಿಂದಲೇ ಶುರು ಮಾಡೋಣ.

ಹೆಜ್ಜೆ 1: ಬಾಗಿಲು ನಿಮಗೆ ತೆರೆದಿದೆಯಾ ಅಂತ ನೋಡಿ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಕಾರ್ಯಕ್ರಮಗಳ ಹೆಸರನ್ನು ಅಲ್ಲಿ ಇಲ್ಲಿ ಓಡಾಡುವ ಪಟ್ಟಿಗಳಿಂದ ನಕಲು ಮಾಡಬೇಡಿ. ಆ ಪಟ್ಟಿಗಳಲ್ಲಿ ಅರ್ಧ ಹಳಸಲು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಚ್‌ಪಿಎಂಇ ಎಂಬ ಬಿಎಸ್‌-ಎಂಡಿ ಕೋರ್ಸು ದಶಕಗಳ ಕಾಲ ದೊಡ್ಡ ಹೆಸರು ಮಾಡಿತ್ತು. ಈಗ ಅದು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ, ಆದರೂ ಪಟ್ಟಿಗಳಲ್ಲಿ ಇನ್ನೂ ಕಾಣಿಸುತ್ತಿರುತ್ತದೆ. ಬಿಎಸ್‌-ಎಂಡಿ ಸಾಮಾನ್ಯವಾಗಿ ಎರಡು ಸಂಸ್ಥೆಗಳು ಸೇರಿ ನಡೆಸುವ ಕೋರ್ಸು. ಒಬ್ಬರು ಕೈ ಬಿಟ್ಟರೂ ಮುಗಿಯಿತು. ಹಾಗಾಗಿ ಡಿಗ್ರಿ ಕಾಲೇಜಿನ ಪುಟವನ್ನೂ ಮೆಡಿಕಲ್ ಸ್ಕೂಲಿನ ಪುಟವನ್ನೂ ಅರ್ಜಿ ಹಾಕುವ ವರ್ಷವೇ ತೆರೆದು ನೋಡಿ.

ಎರಡನೇ ಕಾಲಂನಲ್ಲಿ ವಾಸದ ನಿಯಮ ಬರೆಯಿರಿ. ನ್ಯೂಯಾರ್ಕ್ ನಗರದ ಸಿಯುಎನ್‌ವೈ ಮೆಡಿಕಲ್ ಸ್ಕೂಲಿನ ಏಳು ವರ್ಷದ ಕೋರ್ಸು ಆ ರಾಜ್ಯದವರಿಗಾಗಿ ಇರುವುದು. ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಕ್ಯಾಂಪಸ್ಸಿನ ಜಿಪಿಪಿಎ ಮೆಡಿಸಿನ್ ಎಂಬ ಕೋರ್ಸು ಇಲಿನಾಯ್‌ನವರಿಗೆ. ನ್ಯೂಮೆಕ್ಸಿಕೋ ವಿಶ್ವವಿದ್ಯಾಲಯದ ಬಿಎ-ಎಂಡಿ ವರ್ಷಕ್ಕೆ 28 ಮಕ್ಕಳನ್ನು ತೆಗೆದುಕೊಳ್ಳುತ್ತದೆ, ಅದೂ ತನ್ನ ರಾಜ್ಯದ ಹಳ್ಳಿಗಾಡಿಗೆ ಡಾಕ್ಟರ್ ಬೇಕು ಎಂಬ ಕಾರಣಕ್ಕೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಓದುವ ಮಗು ಇವುಗಳನ್ನು ಪಟ್ಟಿಗೆ ಹಾಕಿದರೆ ಅರ್ಜಿ ಶುಲ್ಕ ಸುಮ್ನೆ ದಂಡ.

ಮೂರನೇ ಕಾಲಂ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯ: ವೀಸಾ. ಬಹುತೇಕ ಬಿಎಸ್‌-ಎಂಡಿಗಳು ಅಮೆರಿಕದ ಪೌರರನ್ನು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಪರಿಗಣಿಸುತ್ತವೆ. ಇಲ್ಲೇ ಹುಟ್ಟಿದ ಮಗುವಿಗೆ ಈ ಚಿಂತೆ ಇಲ್ಲ. ಆದರೆ ಮೂರು ವರ್ಷದ ಕೂಸಾಗಿ ಬೆಂಗಳೂರಿನಿಂದ ಬಂದು, ಹದಿನಾಲ್ಕು ವರ್ಷ ಇಲ್ಲೇ ಓದಿ, ಇನ್ನೂ ಎಚ್‌-4ರಲ್ಲೇ (ತಂದೆ-ತಾಯಿಯ ಕೆಲಸದ ವೀಸಾವನ್ನು ಅವಲಂಬಿಸಿದ ವೀಸಾ) ಇರುವ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ! ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಅನ್ನುವುದು ನಿಮಗೇ ಗೊತ್ತು. 21 ತುಂಬಿದರೆ ಎಚ್‌-4 ಕೈ ತಪ್ಪುತ್ತದೆ, ಎಫ್‌-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಎಫ್‌-1 ಆದ ಮೇಲೆ ಅನೇಕ ಮೆಡಿಕಲ್ ಸ್ಕೂಲುಗಳು ಅರ್ಜಿಯನ್ನೇ ನೋಡುವುದಿಲ್ಲ. ನೋಡುವ ಕೆಲವರು ಹಲವು ವರ್ಷದ ಫೀಸನ್ನು ಮೊದಲೇ ತೋರಿಸಿ ಅಂತಾರೆ.

ಎಚ್‌-4 ಮಗುವಿದ್ದರೆ ಹೀಗೆ ಮಾಡಿ. ಪಟ್ಟಿಯಲ್ಲಿರುವ ಪ್ರತಿ ಕಾಲೇಜಿನ ಪ್ರವೇಶ ಕಚೇರಿಗೂ ಇಮೇಲ್ ಬರೆಯಿರಿ. ಎರಡು ಪ್ರಶ್ನೆ ಸಾಕು: ‘ಎಚ್‌-4ರಲ್ಲಿರುವವರು ಅರ್ಜಿ ಹಾಕಬಹುದೇ? ಡಿಗ್ರಿ ಮುಗಿಯುವ ಹೊತ್ತಿಗೆ ವೀಸಾ ಬದಲಾಗಿ ಗ್ರೀನ್ ಕಾರ್ಡ್ ಬಂದಿರದಿದ್ದರೆ ಮೆಡಿಕಲ್ ಸೀಟು ಉಳಿಯುತ್ತದೆಯೇ?’ ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಫೋನಿನಲ್ಲಿ ಬಂದ ಉತ್ತರಕ್ಕೆ ಬೆಲೆ ಇಲ್ಲ, ಬರಹದಲ್ಲೇ ಪಡೆಯಿರಿ. ರೋಡ್ ಐಲ್ಯಾಂಡಿನ ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ ಕೋರ್ಸಿನಂಥ ಕೆಲವು ವಿದೇಶಿ ವಿದ್ಯಾರ್ಥಿಗಳನ್ನೂ ತೆಗೆದುಕೊಳ್ಳುತ್ತವೆ. ಆದರೆ ಅಲ್ಲಿ ಪೈಪೋಟಿ ಎಷ್ಟಿದೆ ಅನ್ನುವುದನ್ನು ಮುಂದೆ ನೋಡೋಣ.

ಈ ಹೆಜ್ಜೆ ಮುಗಿಸುವ ಹೊತ್ತಿಗೆ ಉದ್ದದ ಪಟ್ಟಿ ಹತ್ತು-ಹನ್ನೆರಡಕ್ಕೆ ಇಳಿದಿರುತ್ತದೆ. ಇಳಿಯಲಿ.

ಹೆಜ್ಜೆ 2: ಅಂಕ ಮಿತಿಯೊಳಗಿದೆಯಾ

ಇದನ್ನು ಬೇಗ ಮುಗಿಸೋಣ. ಎಸ್‌ಎಟಿ 1500 ದಾಟಿದೆ, ಕ್ಲಾಸಿನಲ್ಲಿ ಮೇಲಿನ ಸಾಲಿನಲ್ಲಿದ್ದಾರೆ, ಕಾಲೇಜು ಮಟ್ಟದ ಎಪಿ ಬಯಾಲಜಿ, ಎಪಿ ಕೆಮಿಸ್ಟ್ರಿ, ಕ್ಯಾಲ್ಕುಲಸ್ ತೆಗೆದುಕೊಂಡು ಚೆನ್ನಾಗಿ ಮಾಡಿದ್ದಾರೆ ಅಂದರೆ ಅರ್ಜಿಯನ್ನು ಗಂಭೀರವಾಗಿ ಓದುತ್ತಾರೆ. ಅಷ್ಟೇ, ಅದರಿಂದ ಸೀಟು ಸಿಗುವುದಿಲ್ಲ. 1530ರಿಂದ 1570ಕ್ಕೆ ಏರಿಸಲು ಇನ್ನೊಂದು ಬೇಸಿಗೆ ಕೋಚಿಂಗಿಗೆ ಸುರಿಯುವುದು ನನ್ನ ಪ್ರಕಾರ ವ್ಯರ್ಥ. ಆ ಸಮಯ ಹೆಜ್ಜೆ 4ಕ್ಕೆ ಬೇಕು. ಒಂದು ಎಚ್ಚರಿಕೆ: ವಿಶ್ವವಿದ್ಯಾಲಯ ‘ಪರೀಕ್ಷೆ ಐಚ್ಛಿಕ’ ಅಂದಿದ್ದರೂ ಅದರೊಳಗಿನ ಬಿಎಸ್‌-ಎಂಡಿಗೆ ಎಸ್‌ಎಟಿ ಅಥವಾ ಅಂಥದ್ದೇ ಎಸಿಟಿ ಪರೀಕ್ಷೆ ಕಡ್ಡಾಯ ಇರಬಹುದು.

ಹೆಜ್ಜೆ 3: ಆ ಕಾಲೇಜಿಗೆ ಎಂಥ ಡಾಕ್ಟರ್ ಬೇಕು?

ಛಾನ್ಸ್ ನಿಜವಾಗಿ ಬದಲಾಗುವುದು ಇಲ್ಲಿ. ನ್ಯೂಯಾರ್ಕ್ ರಾಜ್ಯದ ಆಲ್ಬನಿ ಮೆಡಿಕಲ್ ಕಾಲೇಜನ್ನೇ ತೆಗೆದುಕೊಳ್ಳಿ. ಈ ಒಂದೇ ಮೆಡಿಕಲ್ ಕಾಲೇಜು ಸುತ್ತಮುತ್ತಲಿನ ಮೂರು ಡಿಗ್ರಿ ಕಾಲೇಜುಗಳ ಜೊತೆ ಸೇರಿ ಕೋರ್ಸು ನಡೆಸುತ್ತಾ ಬಂದಿದೆ. ರೆನ್ಸಲೇರ್ ಪಾಲಿಟೆಕ್ನಿಕ್ ಜೊತೆಗಿನದು ಏಳು ವರ್ಷದ್ದು, ಸಂಶೋಧನೆ ಮಾಡುವ ವೈದ್ಯ-ವಿಜ್ಞಾನಿ ಬೇಕು ಅನ್ನುತ್ತದೆ. ಸಿಯೆನಾ ಜೊತೆಗಿನದು ಸೇವೆಗೂ ಮಾನವಿಕ ವಿಷಯಗಳಿಗೂ ಒತ್ತು ಕೊಡುತ್ತದೆ. ಯೂನಿಯನ್ ಕಾಲೇಜಿನದಕ್ಕೆ ಹೆಸರೇ ‘ಲೀಡರ್‌ಶಿಪ್ ಇನ್ ಮೆಡಿಸಿನ್’. ಅಲ್ಲಿ ಆರೋಗ್ಯ ನಿರ್ವಹಣೆಯ ಮಾಸ್ಟರ್ಸ್ ಕೂಡ ಜೊತೆಗೇ ಬರುತ್ತದೆ.

ಮೂರೂ ಕೊನೆಗೆ ಸೇರಿಸುವುದು ಒಂದೇ ಕ್ಲಾಸ್‌ರೂಮಿಗೆ, ಆದರೆ ಹುಡುಕುವುದು ಮೂರು ಥರದ ಮಕ್ಕಳನ್ನು. ಎರಡು ಬೇಸಿಗೆ ಲ್ಯಾಬಿನಲ್ಲಿ ಕೂತು ಬ್ಯಾಕ್ಟೀರಿಯಾ ಬೆಳೆಸಿದ ಹುಡುಗ ರೆನ್ಸಲೇರ್‌ಗೆ ಹೊಂದುತ್ತಾನೆ. ವೃದ್ಧಾಶ್ರಮದಲ್ಲಿ ವಾರವಾರ ಹೋಗಿ ಹಿರಿಯರಿಗೆ ಊಟ ಮಾಡಿಸಿದ ಹುಡುಗಿಗೆ ಸಿಯೆನಾ ಸರಿ. ಇಬ್ಬರೂ ಮೂರಕ್ಕೂ ಒಂದೇ ಪ್ರಬಂಧ ಕಳಿಸಿದರೆ ಮೂರು ಕಡೆಯೂ ಸಾಧಾರಣ ಅರ್ಜಿಯಾಗಿ ಕಾಣಿಸುತ್ತದೆ.

ಬ್ರೌನ್‌ನ ಪಿಎಲ್‌ಎಂಇ ಇನ್ನೊಂದು ಬಗೆ. ಐವಿ ಲೀಗ್ ಎಂಬ ಎಂಟು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪಿನಲ್ಲಿ ಇಂಥ ಕೋರ್ಸು ಅದೊಂದೇ. ಎಂಟು ವರ್ಷ, ಎಂಕ್ಯಾಟ್ ಬೇಡ. ಅವರಿಗೆ ಬೇಕಿರುವುದು ಮೆಡಿಸಿನ್ ಜೊತೆಗೆ ಬೇರೆ ಯಾವುದರಲ್ಲೋ ನಿಜವಾದ ಹುಚ್ಚು ಇರುವ ಮಕ್ಕಳು: ಸಂಗೀತ, ಇತಿಹಾಸ, ಗಣಿತ, ಏನಾದರೂ ಸರಿ. ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತ ಹುಡುಗಿ ಅದನ್ನು ‘ಇತರೆ ಚಟುವಟಿಕೆ’ಯ ಕೊನೆಯ ಸಾಲಿಗೆ ತಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬ್ರೌನ್‌ಗೆ ಬರೆಯುವಾಗ ಅದು ಮೊದಲ ಸಾಲಿಗೆ ಬರಬೇಕಾದ ವಿಷಯ.

ಪ್ರತಿ ಕಾರ್ಯಕ್ರಮದ ಪುಟವನ್ನು ಓದಿ, ಅವರು ಎಂಥವರನ್ನು ಹುಡುಕುತ್ತಿದ್ದಾರೆ ಎಂಬುದನ್ನು ಒಂದೇ ವಾಕ್ಯದಲ್ಲಿ, ಕನ್ನಡದಲ್ಲೇ ಆದರೂ ಸರಿ, ಮಗುವಿನ ಕೈಯಲ್ಲಿ ಬರೆಸಿ. ಪಕ್ಕದಲ್ಲಿ ಅದಕ್ಕೆ ಹೊಂದುವಂಥ ತಾನು ಮಾಡಿದ ಒಂದು ಕೆಲಸ. ಆ ಜಾಗ ಖಾಲಿ ಉಳಿದರೆ ಆ ಕಾಲೇಜನ್ನು ಪಟ್ಟಿಯಿಂದ ತೆಗೆಯಿರಿ.

ಹೆಜ್ಜೆ 4: ‘ನನಗೆ ಇದು ಗೊತ್ತು’ ಅನ್ನುವುದಕ್ಕೆ ಪುರಾವೆ

ಹದಿನೇಳರ ಮಗುವಿಗೆ ಎಂಟು ವರ್ಷ ಮುಂದಿನ ಸೀಟು ಕೊಡುವವರ ಜಾಗದಲ್ಲಿ ನಿಂತು ನೋಡಿ. ಅವರ ಭಯ ಒಂದೇ. ಈ ಮಗು ನಡುವೆ ಮನಸ್ಸು ಬದಲಿಸಿದರೆ? ಇದು ಅಪ್ಪ-ಅಮ್ಮನ ಆಸೆಯಾಗಿದ್ದರೆ? ಆಸ್ಪತ್ರೆಯ ವಾಸನೆ, ಕಾಯುವಿಕೆ, ಬೇಸರ ಎಲ್ಲವನ್ನೂ ಕಂಡ ಮೇಲೂ ಇದೇ ಬೇಕು ಅಂದ ಮಗು ಅವರಿಗೆ ಬೇಕು.

ಆಸ್ಪತ್ರೆಗಳಲ್ಲಿ ಸ್ವಯಂಸೇವೆಗೆ ಸಾಮಾನ್ಯವಾಗಿ 16 ತುಂಬಿರಬೇಕು, ಟಿಬಿ ಪರೀಕ್ಷೆ, ಲಸಿಕೆ ದಾಖಲೆ, ತರಬೇತಿ ಎಲ್ಲ ಇರುತ್ತದೆ. ಕಾಯುವ ಪಟ್ಟಿಯೂ ಉದ್ದ. ಹತ್ತನೇ ಕ್ಲಾಸಿನ ಚಳಿಗಾಲದಲ್ಲೇ ಹೆಸರು ಹಾಕಿ. ಕೊಡುವ ಕೆಲಸ ಗಾಲಿ ಕುರ್ಚಿ ತಳ್ಳುವುದು, ಕಂಬಳಿ ಕೊಡುವುದು, ಸಂಬಂಧಿಕರಿಗೆ ದಾರಿ ತೋರಿಸುವುದು. ‘ಇಷ್ಟೇನಾ?’ ಅನ್ನಬೇಡಿ. ಎಮರ್ಜೆನ್ಸಿ ಮುಂದೆ ನಾಲ್ಕು ಗಂಟೆ ಕಾದ ರೋಗಿಯ ಮಗನ ಸಿಟ್ಟನ್ನು ಎದುರಿಸಿದ್ದು, ಎಂಟು ಡಾಕ್ಟರ್‌ಗಳ ಹಿಂದೆ ಸುತ್ತಿದ್ದಕ್ಕಿಂತ ಜಾಸ್ತಿ ಕಲಿಸುತ್ತದೆ. ವೃದ್ಧಾಶ್ರಮ ಮತ್ತು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗಳಲ್ಲಿ ಜಾಗ ಸುಲಭವಾಗಿ ಸಿಗುತ್ತದೆ, ರೋಗಿಯ ಪಕ್ಕ ಕೂರುವ ಅವಕಾಶವೂ ಜಾಸ್ತಿ. ಕೆಲವು ರಾಜ್ಯಗಳಲ್ಲಿ 18 ತುಂಬುವ ಮೊದಲೇ ನರ್ಸಿಂಗ್ ಅಸಿಸ್ಟೆಂಟ್ ಸರ್ಟಿಫಿಕೇಟ್ ಪಡೆದು ಸಂಬಳಕ್ಕೇ ಕೆಲಸ ಮಾಡಬಹುದು. ರೋಗಿಯ ಹಾಸಿಗೆ ಬದಲಿಸಿ, ಸ್ನಾನ ಮಾಡಿಸಿದ ಹುಡುಗ ‘ನನಗೆ ಈ ಕೆಲಸ ಗೊತ್ತು’ ಅಂದರೆ ಯಾರೂ ಅನುಮಾನಿಸುವುದಿಲ್ಲ.

ಈಗ ನಮ್ಮವರ ಒಂದು ಅಭ್ಯಾಸದ ಬಗ್ಗೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವುದು, ಮಾವನ ನರ್ಸಿಂಗ್ ಹೋಮ್‌ನಲ್ಲಿ ಎರಡು ವಾರ ಬಿಳಿ ಕೋಟು ಹಾಕಿ ಓಡಾಡುವುದು, ವಾಪಸ್ ಬಂದು ‘ಭಾರತದಲ್ಲಿ ಶಸ್ತ್ರಚಿಕಿತ್ಸೆಗೆ ಸಹಾಯ ಮಾಡಿದೆ’ ಅಂತ ಬರೆಯುವುದು. ಇದು ಸಾಧನೆಯಾಗಿ ಕಾಣಿಸುವುದಿಲ್ಲ, ಅಪಾಯದ ಗಂಟೆಯಾಗಿ ಕೇಳಿಸುತ್ತದೆ. ತರಬೇತಿ ಇಲ್ಲದ ವಿದ್ಯಾರ್ಥಿ ಹೊರದೇಶದ ರೋಗಿಗಳ ಮೇಲೆ ಕೈಯಾಡಿಸುವುದನ್ನು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಎಎಎಂಸಿ ತನ್ನ ಮಾರ್ಗಸೂಚಿಯಲ್ಲೇ ಬೇಡ ಅಂದಿದೆ. ಇಂಜೆಕ್ಷನ್ ಕೊಟ್ಟೆ, ಹೊಲಿಗೆ ಹಾಕಿದೆ ಅಂತ ಬರೆದರೆ ಅರ್ಜಿ ಅಲ್ಲೇ ಮುಗಿಯಬಹುದು. ಊರಿಗೆ ಹೋದಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅನುಮತಿ ಪಡೆದು, ಬೆಂಚಿನ ಮೇಲೆ ಕೂತು ನೋಡಿ. ಆಶಾ ಕಾರ್ಯಕರ್ತೆ ಒಂದು ದಿನಕ್ಕೆ ಎಷ್ಟು ಮನೆ ಸುತ್ತುತ್ತಾಳೆ, ಏನು ಕೇಳುತ್ತಾಳೆ, ಯಾರು ಬಾಗಿಲು ತೆಗೆಯುವುದಿಲ್ಲ. ನೋಡಿದ್ದನ್ನು ನೋಡಿದೆ ಅಂತಲೇ ಬರೆದರೆ ಅದು ಒಳ್ಳೆಯ ವಿಷಯ.

ದುಡ್ಡು ಕೊಟ್ಟು ಪೇಪರ್ ಪ್ರಕಟಿಸುವ ಹೈಸ್ಕೂಲ್ ಜರ್ನಲ್‌ಗಳು, ಸಾವಿರಾರು ಡಾಲರ್‌ನ ‘ಲೀಡರ್‌ಶಿಪ್ ಸಮ್ಮಿಟ್’ಗಳು, ಇವನ್ನು ಅರ್ಜಿ ಓದುವವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಹತ್ತಿರದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಲ್ಯಾಬಿನಲ್ಲಿ ಅವಕಾಶ ಕೇಳಿ ನೇರ ಇಮೇಲ್ ಬರೆಯುವುದು ಬಿಟ್ಟಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಒಬ್ಬರು ಉತ್ತರಿಸಿದರೆ ಸಾಕು. ಲ್ಯಾಬಿನಲ್ಲಿ ಟ್ಯೂಬ್ ತೊಳೆದಿದ್ದರೆ ಟ್ಯೂಬ್ ತೊಳೆದೆ ಅಂತಲೇ ಬರೆಯಲಿ. ಸಂದರ್ಶನದಲ್ಲಿ ಆ ಪ್ರಯೋಗದ ಬಗ್ಗೆ ಎರಡು ಪ್ರಶ್ನೆ ಬಂದೇ ಬರುತ್ತದೆ.

ಪ್ರತಿ ಸಲ ಆಸ್ಪತ್ರೆಯಿಂದ ಬಂದ ಮೇಲೆ ದಿನಾಂಕ, ಗಂಟೆ, ಕಂಡ ಒಂದು ಸಂಗತಿಯನ್ನು ಐದು ಸಾಲಿನಲ್ಲಿ ಬರೆದಿಡಲು ಹೇಳಿ. ರೋಗಿಯ ಹೆಸರು ಬೇಡ, ಗುರುತು ಸಿಗುವ ವಿವರವೂ ಬೇಡ. ಹನ್ನೆರಡನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವಾಗ ಈ ನೋಟ್‌ಬುಕ್ಕಿನ ಬೆಲೆ ತಿಳಿಯುತ್ತದೆ.

ಹೆಜ್ಜೆ 5: ಈಗ ಲೆಕ್ಕ

ಪಿಎಲ್‌ಎಂಇಗೆ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಎರಡೋ ಮೂರೋ ಜನಕ್ಕೆ ಸಿಗುತ್ತದೆ. ಬೇರೆ ಹೆಸರಾಂತ ಕಾರ್ಯಕ್ರಮಗಳ ಕಥೆಯೂ ಹೆಚ್ಚುಕಮ್ಮಿ ಹಾಗೇ, ಕೈ ಬೆರಳೆಣಿಕೆಯ ಸೀಟು, ಸಾವಿರಾರು ಅರ್ಜಿ. ‘ಹತ್ತು ಕಡೆ ಹಾಕಿದರೆ ಒಂದಾದರೂ ಸಿಗಲ್ವಾ?’ ಅಂತ ಕೇಳುತ್ತಾರೆ.

ಉದಾಹರಣೆಗೆ ಪ್ರತಿ ಕಡೆಯೂ 4 ಶೇಕಡಾ ಅಂತ ಇಟ್ಟುಕೊಳ್ಳಿ. ಹತ್ತು ಕಡೆ ಅಂದರೆ 40 ಶೇಕಡಾ ಅಂತ ಕೂಡಬೇಡಿ. ಒಂದೂ ಸಿಗದಿರುವ ಸಾಧ್ಯತೆ 0.96 ಅನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 0.66. ಒಂದಾದರೂ ಸಿಗುವುದು 34 ಶೇಕಡಾ. ಅದೂ ಹತ್ತೂ ಕಡೆ ಬೇರೆ ಬೇರೆ ಕಣ್ಣಿನಿಂದ ನೋಡಿದರೆ ಮಾತ್ರ. ವಾಸ್ತವದಲ್ಲಿ ಹತ್ತೂ ಕಡೆ ಹೋಗುವುದು ಒಂದೇ ಮಗುವಿನ ಒಂದೇ ಕಥೆ. ಒಬ್ಬರಿಗೆ ಸಪ್ಪೆ ಅನ್ನಿಸಿದ್ದು ಉಳಿದವರಿಗೂ ಸಪ್ಪೆ ಅನ್ನಿಸುತ್ತದೆ. ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಕಡಿಮೆ. ಹೆಜ್ಜೆ 1 ಮತ್ತು 3ರಲ್ಲಿ ಚೆನ್ನಾಗಿ ಸೋಸಿದ ಪಟ್ಟಿಯಾದರೆ ಪ್ರತಿ ಅರ್ಜಿಯ ತೂಕ ಏರುತ್ತದೆ. ಇಪ್ಪತ್ತು ಕಡೆ ಹಾಕಿದರೆ ಪ್ರಬಂಧಗಳೇ ಎಪ್ಪತ್ತು-ಎಂಬತ್ತು ಆಗುತ್ತವೆ, ಗುಣಮಟ್ಟ ಬಿದ್ದುಹೋಗುತ್ತದೆ. ಆರರಿಂದ ಹತ್ತು ಸಾಕು.

ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆಯಿರಿ. 2023-24ರ ಸಾಲಿನಲ್ಲಿ ಅಮೆರಿಕದ ಎಂಡಿ ಕಾಲೇಜುಗಳಿಗೆ ಮಾಮೂಲಿ ದಾರಿಯಲ್ಲಿ ಅರ್ಜಿ ಹಾಕಿದವರು ಸುಮಾರು 52 ಸಾವಿರ. ಸೇರಿದವರು ಸುಮಾರು 23 ಸಾವಿರ. ಅಂದರೆ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ. ಅಲ್ಲಿಯವರೆಗೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳು ಪ್ರೀ-ಮೆಡ್ (ಮೆಡಿಕಲ್‌ಗೆ ತಯಾರಿಯ ಓದು) ಬಿಟ್ಟಿರುತ್ತಾರೆ ಅನ್ನುವುದು ನಿಜ. ಆದರೂ ಬಿಎಸ್‌-ಎಂಡಿ ಸಿಗದಿದ್ದರೆ ಡಾಕ್ಟರ್ ಆಗುವ ಕನಸು ಮುಗಿಯಿತು ಅನ್ನುವವರಿಗೆ ಈ ಎರಡು ಸಂಖ್ಯೆ ತೋರಿಸಿ. ಅದಕ್ಕೇ ನನ್ನ ಒಂದು ನಿಯಮ: ಮೆಡಿಕಲ್ ಸೀಟು ಇಲ್ಲದೆಯೂ ಖುಷಿಯಿಂದ ನಾಲ್ಕು ವರ್ಷ ಓದಬಲ್ಲ ಕಾಲೇಜಿಗೆ ಮಾತ್ರ ಅರ್ಜಿ ಹಾಕಿ.

ಹೆಜ್ಜೆ 6: ಪ್ರಬಂಧ

ಪ್ರತಿ ಅರ್ಜಿಯಲ್ಲೂ ಎರಡು ಪ್ರಶ್ನೆ ಖಾತ್ರಿ. ಡಾಕ್ಟರೇ ಯಾಕೆ? ನಮ್ಮ ಈ ಕೋರ್ಸೇ ಯಾಕೆ? ಮೊದಲನೆಯದಕ್ಕೆ ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಬರೆಯುವುದು ಅಜ್ಜಿಯ ಬಗ್ಗೆ. ಅಜ್ಜಿಗೆ ಎದೆನೋವು ಬಂತು, ಡಾಕ್ಟರ್ ಉಳಿಸಿದರು, ಅಂದೇ ನಿರ್ಧರಿಸಿದೆ. ಅಜ್ಜಿಯ ಬಗ್ಗೆ ಬರೆಯುವುದು ತಪ್ಪಲ್ಲ. ಆದರೆ ಆ ಕಥೆಯಲ್ಲಿ ಬರೆದವರು ಎಲ್ಲಿದ್ದಾರೆ?

ಅದೇ ಅಜ್ಜಿಯನ್ನು ಹತ್ತಿರದಿಂದ ನೋಡಿ. ಹಾಸನದಿಂದ ಆರು ತಿಂಗಳಿಗೆ ಬಂದಿದ್ದಾರೆ. ತಂದ ಬಿಪಿ ಮಾತ್ರೆ ಮುಗಿದಿದೆ. ವಿಸಿಟರ್ ಇನ್ಶೂರೆನ್ಸ್ ಹಳೆಯ ಕಾಯಿಲೆಗೆ ಕೊಡುವುದಿಲ್ಲ. ಫಾರ್ಮಸಿಯ ಚೀಟಿ ನೋಡಿ, ಡಾಲರನ್ನು ರೂಪಾಯಿಗೆ ಗುಣಿಸಿ, ಯಾರಿಗೂ ಹೇಳದೆ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಮಾತ್ರೆ ಡಬ್ಬಿಯಲ್ಲಿ ಮಂಗಳವಾರದ ಗುಂಡಿ ತುಂಬಿಯೇ ಉಳಿದಿದ್ದನ್ನು ಗಮನಿಸಿದ್ದು ಮೊಮ್ಮಗಳು. ಅವಳು ಫಾರ್ಮಸಿಗೆ ಫೋನ್ ಮಾಡಿ ಕಡಿಮೆ ಬೆಲೆಯ ಜೆನೆರಿಕ್ ಬಗ್ಗೆ ಕೇಳಿದಳು, ಮೂರು ವಾರ ಬಿಪಿ ಬರೆದಿಟ್ಟಳು, ಡಾಕ್ಟರ್ ಹತ್ತಿರ ಹೋದಾಗ ಆ ಹಾಳೆ ಕೊಟ್ಟಳು. ಕ್ಲಿನಿಕ್ಕಿನವರು ಅವಳ ಕೈಲಿ ಅನುವಾದ ಮಾಡಿಸದೆ ಫೋನಿನಲ್ಲಿ ಕನ್ನಡ ದುಭಾಷಿಯನ್ನು ಕರೆದಿದ್ದು ಯಾಕೆ ಅಂತ ತಲೆ ಕೆಡಿಸಿಕೊಂಡು ಹುಡುಕಿದಳು. ತುರ್ತು ಸಂದರ್ಭ ಬಿಟ್ಟರೆ ಅಪ್ರಾಪ್ತ ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಅಂತ ಫೆಡರಲ್ ನಿಯಮವೇ ಇದೆ ಅಂತ ಆಗ ಗೊತ್ತಾಯಿತು. ಇದರಲ್ಲಿ ಯಾರ ಪ್ರಾಣವೂ ಉಳಿಯಲಿಲ್ಲ. ಆದರೆ ಓದಿದವರಿಗೆ ಆ ಹುಡುಗಿ ಕಣ್ಣಿಗೆ ಕಟ್ಟುತ್ತಾಳೆ, ಅಲ್ವಾ?

ಎರಡನೇ ಪ್ರಶ್ನೆಗೆ ‘ನಿಮ್ಮ ಜಗತ್ಪ್ರಸಿದ್ಧ ಪ್ರಾಧ್ಯಾಪಕರು’ ಅಂತ ಬರೆದರೆ ಪ್ರಯೋಜನ ಇಲ್ಲ. ಬೇರೆ ಕಾಲೇಜಿನ ಹೆಸರು ಹಾಕಿದರೂ ಸರಿಹೋಗುವ ವಾಕ್ಯವನ್ನೆಲ್ಲ ಹೊಡೆದುಹಾಕಿ. ಮತ್ತೆ ತಂದೆ-ತಾಯಿ ಪ್ರಬಂಧ ತಿದ್ದಲೇಬಾರದು. ನಲವತ್ತೈದರ ಸಾಫ್ಟ್‌ವೇರ್ ಮ್ಯಾನೇಜರ್ ಬರೆದ ಇಂಗ್ಲಿಷು ಹದಿನೇಳರ ಮಗುವಿನದ್ದು ಅಂತ ಯಾರೂ ನಂಬಲ್ಲ.

ಹೆಜ್ಜೆ 7: ಸಂದರ್ಶನ

ಕರೆ ಬಂತು ಅಂದರೆ ದೊಡ್ಡ ಜರಡಿ ದಾಟಿದ ಹಾಗೆ. ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ನಡೆಯುತ್ತದೆ. ಕೆಲವು ಕಡೆ ಎಂಎಂಐ ಎಂಬ ಪದ್ಧತಿ: ಒಂದರ ನಂತರ ಒಂದು ಪುಟ್ಟ ಕೋಣೆ, ಪ್ರತಿಯೊಂದರಲ್ಲೂ ಕೆಲವೇ ನಿಮಿಷದ ಒಂದು ಸನ್ನಿವೇಶ. ಗೆಳೆಯ ಪರೀಕ್ಷೆಯಲ್ಲಿ ಕಾಪಿ ಮಾಡಿದ್ದು ನಿನಗೆ ಗೊತ್ತು, ಏನು ಮಾಡ್ತೀಯ? ರೋಗಿ ರಕ್ತ ಹಾಕಿಸಿಕೊಳ್ಳಲ್ಲ ಅಂತಾನೆ, ಈಗ? ಸರಿ ಉತ್ತರಕ್ಕಿಂತ ಯೋಚಿಸುವ ರೀತಿ ನೋಡುತ್ತಾರೆ.

ಮಾಮೂಲಿ ಸಂದರ್ಶನದಲ್ಲಿ ತಪ್ಪದೆ ಬರುವ ಪ್ರಶ್ನೆ ‘ನರ್ಸ್ ಯಾಕಲ್ಲ?’ ಇದಕ್ಕೆ ನಮ್ಮ ಮಕ್ಕಳು ‘ಡಾಕ್ಟರ್‌ಗೆ ಜಾಸ್ತಿ ಜವಾಬ್ದಾರಿ’ ಅಂದುಬಿಡುತ್ತಾರೆ. ಎದುರು ಕೂತವರಿಗೆ ಇದು ಅಹಂಕಾರವಾಗಿ ಕೇಳಿಸುತ್ತದೆ. ನರ್ಸ್ ದಿನವಿಡೀ ಏನು ಮಾಡುತ್ತಾರೆ ಅಂತ ನೋಡಿರುವ ಮಗುವಿನ ಉತ್ತರವೇ ಬೇರೆ ಇರುತ್ತದೆ. ಇನ್ನೊಂದು: ‘ಈಗಲೇ ಯಾಕೆ ಎಂಟು ವರ್ಷಕ್ಕೆ ಸಹಿ ಹಾಕ್ತೀಯ?’ ಎಂಕ್ಯಾಟ್ ತಪ್ಪಿಸಿಕೊಳ್ಳಲು ಅಂತ ಹೇಳಬಾರದು, ಅದು ನಿಜವಾಗಿದ್ದರೂ. ಆ ಸಮಯ ಸಿಕ್ಕರೆ ಏನು ಮಾಡುತ್ತೇನೆ ಅನ್ನುವುದಕ್ಕೆ ಒಂದು ಗಟ್ಟಿ ಉತ್ತರ ಇರಬೇಕು.

ಅಭ್ಯಾಸಕ್ಕೆ ಮನೆಯವರು ಬೇಡ. ಪರಿಚಯದ ನರ್ಸ್, ಶಾಲೆಯ ಇಂಗ್ಲಿಷ್ ಟೀಚರ್, ಯಾರಾದರೂ ಮುಲಾಜಿಲ್ಲದೆ ಹೇಳುವವರು ಬೇಕು.

ಹೆಜ್ಜೆ 8: ಸಿಕ್ಕ ಮೇಲೆ ಷರತ್ತು ಓದಿ

ಸೀಟು ಸಿಕ್ಕಿತು ಅಂದ ತಕ್ಷಣ ಪೇಢಾ ಹಂಚಬೇಡಿ. ಒಪ್ಪಂದ ಓದಿ. ಕಾಯ್ದುಕೊಳ್ಳಬೇಕಾದ ಜಿಪಿಎ ಒಂದು ಕಡೆ 3.5 ಇದ್ದರೆ ಇನ್ನೊಂದು ಕಡೆ 3.75. ವಿಜ್ಞಾನದ ವಿಷಯಗಳಿಗೆ ಪ್ರತ್ಯೇಕ ಮಿತಿ ಇರಬಹುದು. ಪಿಟ್ಸ್‌ಬರ್ಗ್, ರಾಚೆಸ್ಟರ್, ಕೇಸ್ ವೆಸ್ಟರ್ನ್ ರಿಸರ್ವ್‌ನಂಥವು ಎಂಕ್ಯಾಟ್ ಕೇಳದೆ ಬಂದಿವೆ. ಇನ್ನು ಕೆಲವು ಎಂಕ್ಯಾಟ್ ಬರೆದು ಇಂತಿಷ್ಟು ಅಂಕ ತರಲೇಬೇಕು ಅನ್ನುತ್ತವೆ. 528ಕ್ಕೆ ನಡೆಯುವ ಪರೀಕ್ಷೆಯಲ್ಲಿ ಮಿತಿ ತುಂಬಾ ಮೇಲಿದ್ದರೆ ಅದು ಖಾತ್ರಿ ಸೀಟು ಹೇಗಾಗುತ್ತದೆ? ಬೇರೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಿದರೆ ಈ ಸೀಟು ಹೋಗುತ್ತದಾ ಅಂತಲೂ ನೋಡಿ. ಹಲವು ಕಡೆ ಹೋಗುತ್ತದೆ.

ಅದು ಯಾಕೆ ಮುಖ್ಯ ಅಂದರೆ, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲ್ 2018ರಿಂದ ಬೋಧನಾ ಶುಲ್ಕ ತೆಗೆದುಕೊಳ್ಳುತ್ತಿಲ್ಲ. ಬ್ರಾಂಕ್ಸ್‌ನ ಆಲ್ಬರ್ಟ್ ಐನ್‌ಸ್ಟೈನ್ 2024ರಲ್ಲಿ ನೂರು ಕೋಟಿ ಡಾಲರ್ ದಾನ ಬಂದ ಮೇಲೆ ಅದೇ ದಾರಿ ಹಿಡಿಯಿತು. ಹದಿನೇಳಕ್ಕೇ ಬೇರೆ ಕಡೆ ಕಟ್ಟಿಹಾಕಿಕೊಂಡ ಜಾಣ ಮಗುವಿಗೆ ಈ ಬಾಗಿಲು ಮುಚ್ಚಿದಂತೆ. ಖಾಸಗಿ ಕಾಲೇಜಿನಲ್ಲಿ ಊಟ-ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ಎಂಟು ವರ್ಷಕ್ಕೆ ಗುಣಿಸಿ ನೋಡಿ. ಮೇಲಾಗಿ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗೆ ಫೆಡರಲ್ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮೀರುವಂತಿಲ್ಲ. ಮಿಕ್ಕಿದ್ದು ಖಾಸಗಿ ಸಾಲ ಅಥವಾ ನಿಮ್ಮ ಜೇಬು. ನಿಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ಆನರ್ಸ್ ಸೀಟು ಮತ್ತು ಸ್ಕಾಲರ್‌ಶಿಪ್ ಕೊಟ್ಟಿದ್ದರೆ, ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತು ಮಾತಾಡಿ. ಸರ್ಕಾರಿ ಆನರ್ಸ್ ಆರಿಸಿದ ಮನೆಯವರನ್ನು ಪೆದ್ದರು ಅನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ತಾರೀಖುಗಳು

ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಬಿಎಸ್‌-ಎಂಡಿಗಳ ಗಡುವು ಮಾಮೂಲಿ ಅರ್ಜಿಗಿಂತ ಮೊದಲೇ, ಬಹಳಷ್ಟು ನವೆಂಬರ್‌ನಲ್ಲೇ ಮುಗಿಯುತ್ತವೆ. ಶಿಫಾರಸು ಪತ್ರಕ್ಕೆ ಹನ್ನೊಂದನೇ ಕ್ಲಾಸಿನ ಮೇ ತಿಂಗಳಲ್ಲೇ ಟೀಚರ್ ಹತ್ತಿರ ಕೇಳಿ. ಅಕ್ಟೋಬರ್‌ನಲ್ಲಿ ಕೇಳಿದರೆ ಅವರ ಮುಂದೆ ಐವತ್ತು ಪತ್ರ ಬಿದ್ದಿರುತ್ತದೆ. ಫಲಿತಾಂಶ ಮಾರ್ಚ್ ಕೊನೆಗೆ, ಒಪ್ಪಿಗೆ ಹೇಳಲು ಮೇ 1.

ಎಲ್ಲೂ ಸಿಗದಿದ್ದರೆ

ಬಿಎಸ್‌-ಡಿಒ (ಆಸ್ಟಿಯೋಪಥಿಕ್ ಮೆಡಿಸಿನ್ ಪದವಿ) ಕೂಡ ಇದೆ, ಇದನ್ನು ಹೆಜ್ಜೆ 1ರಲ್ಲೇ ಪಟ್ಟಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯದ್ದು ಏಳು ವರ್ಷದ್ದು. ಅಮೆರಿಕದಲ್ಲಿ ಡಿಒ ಕೂಡ ಎಂಡಿಯಂತೆಯೇ ಪೂರ್ಣ ಪ್ರಮಾಣದ ಡಾಕ್ಟರ್. ಕೂಟದಲ್ಲಿ ಯಾರೋ ಮೂಗು ಮುರಿದರು ಅಂತ ಬಿಡಬೇಡಿ.

‘ಊರಿಗೇ ಕಳಿಸಿ ಎಂಬಿಬಿಎಸ್ ಮಾಡಿಸೋಣ’ ಅನ್ನುವ ಯೋಚನೆಯೂ ಏಪ್ರಿಲ್‌ನಲ್ಲಿ ಹುಟ್ಟಿಕೊಳ್ಳುತ್ತದೆ. ನೀಟ್ ಬರೆಯಲೇಬೇಕು. 11 ಮತ್ತು 12ರಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಬೇಕು, ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಎಐಯು ಕೊಡುವ ತತ್ಸಮಾನ ಪತ್ರ ಬೇಕು. 2021ರ ಮಾರ್ಚ್ 4ರ ನಂತರ ಒಸಿಐ (ಭಾರತದ ಸಾಗರೋತ್ತರ ಪೌರ) ಕಾರ್ಡ್ ಪಡೆದ ಮಕ್ಕಳು ಎನ್‌ಆರ್‌ಐ ಸೀಟುಗಳಿಗೆ ಮಾತ್ರ ಸ್ಪರ್ಧಿಸಬಹುದು. ಫೀಸೂ ಆ ಲೆಕ್ಕದಲ್ಲೇ. ವಾಪಸ್ ಬಂದು ಅಮೆರಿಕದಲ್ಲಿ ರೆಸಿಡೆನ್ಸಿ ಬೇಕೆಂದರೆ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ದಾಟಬೇಕು. 2024ರ ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟು ಹಂಚಿಕೆ) ಇಲ್ಲಿನ ಎಂಡಿ ಕೊನೆಯ ವರ್ಷದವರಲ್ಲಿ ಸುಮಾರು 93 ಶೇಕಡಾ ಮಂದಿಗೆ ಜಾಗ ಸಿಕ್ಕರೆ, ಹೊರದೇಶದಲ್ಲಿ ಓದಿ ಬಂದ ಅಮೆರಿಕದ ಪೌರರಿಗೆ ಸಿಕ್ಕಿದ್ದು ಸುಮಾರು 67 ಶೇಕಡಾ. ಆ ದಾರಿ ಬೇಕಿದ್ದರೆ ಹತ್ತನೇ ಕ್ಲಾಸಿನಲ್ಲೇ ಯೋಜನೆ ಹಾಕಿ, ಕೊನೆಗಳಿಗೆಯಲ್ಲಿ ಬೇಡ.

ಉಳಿದವರಿಗೆ ಮಾಮೂಲಿ ದಾರಿ. ಈಗ ಮೆಡಿಕಲ್ ಸ್ಕೂಲಿಗೆ ಸೇರುವವರಲ್ಲಿ ಹೆಚ್ಚಿನವರು ಡಿಗ್ರಿ ಆದ ಮೇಲೆ ಒಂದೆರಡು ವರ್ಷ ಬಿಡುವು ತೆಗೆದುಕೊಂಡೇ ಬರುತ್ತಾರೆ. ಮೇ ತಿಂಗಳಲ್ಲಿ ಮಗುವಿಗೆ ಒಂದು ವಾರ ಸುಮ್ಮನಿರಲು ಬಿಡಿ. ಆಮೇಲೆ ಸೇರುವ ಕಾಲೇಜಿನ ಪ್ರೀ-ಹೆಲ್ತ್ ಸಲಹೆಗಾರರಿಗೆ ಒಂದು ಇಮೇಲ್ ಕಳಿಸಲಿ. ಕಾಲೇಜು ದಿನಗಳಲ್ಲಿ ಮಾಡಿದ್ದೇ ಮೆಡಿಕಲ್ ಅರ್ಜಿಯಲ್ಲಿ ಮುಖ್ಯವಾಗುತ್ತದೆ, ಹೈಸ್ಕೂಲಿನ ಗಂಟೆಗಳಿಗೆ ಅಲ್ಲಿ ಅಷ್ಟು ಬೆಲೆ ಇಲ್ಲ. ಆದ್ದರಿಂದ ವೃದ್ಧಾಶ್ರಮದ ಶನಿವಾರವನ್ನು ಈ ಬೇಸಿಗೆಯಲ್ಲೂ ನಿಲ್ಲಿಸಬೇಡಿ, ಕಾಲೇಜಿನ ಊರಲ್ಲಿ ಅಂಥದ್ದೇ ಜಾಗ ಎಲ್ಲಿದೆ ಅಂತ ಆಗಸ್ಟ್‌ಗೆ ಮೊದಲೇ ಹುಡುಕಿಟ್ಟುಕೊಳ್ಳಿ.